ಗುರಿ ಇರೋದು ಸಿಸ್ಟಮ್‌ನಲ್ಲೋ ಕೈಯಲ್ಲೋ? ಪೂಲ್ ಟೇಬಲ್ ಮತ್ತು ಕೇರಂ ಬೋರ್ಡ್ ಮೇಲೊಂದು ಪಾಠ

ಪೂಲ್ ಟೇಬಲ್ ಸುತ್ತ ನಾಲ್ಕು ಜನ ಸೇರಿದರೆ ಎರಡು ಪಾರ್ಟಿ ಆಗೋದು ಗ್ಯಾರಂಟಿ. ಒಂದು ಪಾರ್ಟಿ ಹೇಳುತ್ತೆ: "ಗುರಿ ಹಿಡಿಯೋಕೆ ಒಂದು ಸಿಸ್ಟಮ್ ಬೇಕು. ಸಿಸ್ಟಮ್ ಇಲ್ಲದೆ ಹೊಡೆಯೋದು ಅಂದ್ರೆ ಕತ್ತಲಲ್ಲಿ ಕಲ್ಲು ಎಸೆದ ಹಾಗೆ." ಇನ್ನೊಂದು ಪಾರ್ಟಿ ಹೇಳುತ್ತೆ: "ಅದೆಲ್ಲ ಬಿಡು ಗುರು, ಹೊಡೀತಾ ಹೊಡೀತಾ ಕೈಗೆ ಬರುತ್ತೆ." ಮುಂದಿನ ಶಾಟ್ ಮಿಸ್ ಆದ ತಕ್ಷಣ ಜಗಳ ಮತ್ತೆ ಶುರು.

ಈ ಲೇಖನ ಬರೀತಾ ಇರೋ ನಾವು ಮೂರು ಜನ. ಒಬ್ಬರದು ಕೊಳ್ಳೇಗಾಲ, ಒಬ್ಬರದು ಹನೂರು, ಇನ್ನೊಬ್ಬರದು ಯಳಂದೂರು. ಒಂದೇ ಹಾಸ್ಟೆಲ್, ಎರಡನೇ ವರ್ಷ. ನಾವು ಮೂವರೂ ಬೆಳೆದಿದ್ದು ಕೇರಂ ಬೋರ್ಡ್ ಮುಂದೆ. ಪೂಲ್ ಸ್ಟಿಕ್ ಕೈಗೆ ಸಿಕ್ಕಿದ್ದು ಕಾಲೇಜಿಗೆ ಬಂದ ಮೇಲೆ. ಇಲ್ಲಿ ಟೇಬಲ್ ಅಂದ್ರೆ ಗಂಟೆ ಲೆಕ್ಕದಲ್ಲಿ ದುಡ್ಡು. ಒಂದು ಗಂಟೆ ಆಡಿದರೆ ಆ ವಾರದ ಸಂಜೆ ಕಾಫಿ-ಬಜ್ಜಿಗೆ ಕತ್ತರಿ. ಹಾಗಾಗಿ ಯಾವ ಪಾರ್ಟಿ ಮಾತು ಕೇಳಬೇಕು ಅನ್ನೋದು ನಮಗೆ ಬರೀ ಟೈಮ್‌ಪಾಸ್ ಚರ್ಚೆ ಅಲ್ಲ. ಅದರ ಜೊತೆ ಇನ್ನೊಂದು ಮಾತೂ ಕೇಳಿಬರುತ್ತೆ: "ಕೇರಂ ಆಡಿದ್ದು ಇಲ್ಲಿ ಕೆಲಸಕ್ಕೆ ಬರಲ್ಲ." ಸಣ್ಣ ಊರಿಂದ ಬಂದ ಫಸ್ಟ್ ಇಯರ್ ಹುಡುಗರು, ಹುಡುಗಿಯರು ಈ ಮಾತು ಕೇಳಿ ಸ್ಟಿಕ್ ಮುಟ್ಟದೆ ಪಕ್ಕಕ್ಕೆ ನಿಂತುಬಿಡ್ತಾರೆ.

ಅದಕ್ಕೆ ಎರಡು ಪ್ರಶ್ನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಒಂದು, ಗುರಿ ಹಿಡಿಯೋ ಸಿಸ್ಟಮ್‌ಗಳು ನಿಜವಾಗಿ ಏನು ಕೊಡ್ತವೆ? ಎರಡು, ಕೇರಂ ಕಲಿಸಿದ್ದು ಪೂಲ್‌ಗೆ ಎಷ್ಟು ಬರುತ್ತೆ? ಬೇಕಾಗಿರೋ ಗಣಿತ ಪಿಯುಸಿಯ ಸೈನ್ ಒಂದೇ.

ಈ ಆಟ ನಮಗೆ ಅಷ್ಟೇನೂ ದೂರದ್ದಲ್ಲ

ಲೆಕ್ಕಕ್ಕೆ ಹೋಗೋ ಮುಂಚೆ ಒಂದು ಸಣ್ಣ ಇತಿಹಾಸ. ಪೂಲ್‌ನ ಅಣ್ಣನಂತಿರೋ ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಲ್ಲಿ ಅಲ್ಲ, ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್‌ಪುರದ ಸೇನಾ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಅನ್ನೋ ಬ್ರಿಟಿಷ್ ಅಧಿಕಾರಿ ಇದನ್ನ ಶುರು ಮಾಡಿದರು ಅಂತ ಹೇಳ್ತಾರೆ. ನಿಯಮಗಳು ಗಟ್ಟಿಯಾಗಿದ್ದು 1880ರ ದಶಕದಲ್ಲಿ, ಊಟಿಯಲ್ಲಿ. ಆಗ ಊಟಿ ಮದ್ರಾಸ್ ಪ್ರಾಂತ್ಯ. ನಮ್ಮ ಕೊಳ್ಳೇಗಾಲವೂ 1956ರ ತನಕ ಅದೇ ಮದ್ರಾಸ್ ಕಡೆಯ ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತು. ಹನೂರು ಆ ತಾಲೂಕಿನ ಒಳಗೆ. ಪಕ್ಕದ ಯಳಂದೂರು ಮಾತ್ರ ಮೈಸೂರು ಸೀಮೆ, ದಿವಾನ್ ಪೂರ್ಣಯ್ಯನವರ ಜಹಗೀರು. ಅಂದ್ರೆ ಸ್ನೂಕರ್ ನಿಯಮ ಬರೆದ ಬೆಟ್ಟ ನಮ್ಮ ಊರಿಂದ ನೆರೆಹೊರೆ. ಆದರೆ ಆಟ ಕ್ಲಬ್ಬಿನ ಬಾಗಿಲು ದಾಟಿ ನಮ್ಮ ಕಡೆ ಇಳಿಯಲಿಲ್ಲ. ನಮ್ಮ ಜಗಲಿಗಳ ಮೇಲೆ ಕೂತಿದ್ದು ಕೇರಂ.

ಕರ್ನಾಟಕದಲ್ಲಿ ಕ್ಯೂ ಆಟ ಬೆಳೆದಿದ್ದು ಮುಖ್ಯವಾಗಿ ಬೆಂಗಳೂರಿನಲ್ಲಿ. ಅಲ್ಲಿ ಬೆಳೆದ ಪಂಕಜ್ ಅಡ್ವಾಣಿ, ಕೋಚ್ ಅರವಿಂದ್ ಸವೂರ್ ಅವರ ಹತ್ತಿರ ಕಲಿತು, 2003ರಲ್ಲಿ 18ನೇ ವಯಸ್ಸಿಗೆ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು. ಆಮೇಲೆ 2006ರ ದೋಹಾ ಮತ್ತು 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್ ಚಿನ್ನ. ವಿದ್ಯಾ ಪಿಳ್ಳೈ, ಚಿತ್ರಾ ಮಗಿಮೈರಾಜ್ ಕೂಡ ಕರ್ನಾಟಕದಿಂದಲೇ ವಿಶ್ವ ಮಟ್ಟಕ್ಕೆ ಹೋದವರು. ಹೆಸರುಗಳು ಇಲ್ಲಿವೆ ಅಂದ ಮೇಲೆ ಆಟ ನಮ್ಮದಲ್ಲ ಅನ್ನೋ ಮಾತಿಗೆ ಅರ್ಥ ಇಲ್ಲ.

ನಾಲ್ಕು ವಿಧಾನ, ಒಂದೇ ಗೆರೆ

ನಾವು ಹೊಡೆಯೋದು ಬಿಳಿ ಬಾಲ್. ಪಾಕೆಟ್‌ಗೆ ಹೋಗಬೇಕಾಗಿರೋದು ಬಣ್ಣದ ಬಾಲ್. ಬಿಳಿ ಬಾಲ್ ಬರೋ ದಿಕ್ಕಿಗೂ ಬಣ್ಣದ ಬಾಲ್ ಹೋಗಬೇಕಾದ ದಿಕ್ಕಿಗೂ ನಡುವಿನ ಕೋನವನ್ನ ಕಟ್ ಕೋನ ಅನ್ನೋಣ. ನೇರ ಶಾಟ್ ಅಂದ್ರೆ 0 ಡಿಗ್ರಿ.

ಮೊದಲನೇ ವಿಧಾನ, ಘೋಸ್ಟ್ ಬಾಲ್. ಪಾಕೆಟ್‌ನಿಂದ ಬಣ್ಣದ ಬಾಲ್‌ನ ಕೇಂದ್ರದ ಮೂಲಕ ಒಂದು ಗೆರೆ ಎಳೆಯಿರಿ. ಅದೇ ಗೆರೆ ಮೇಲೆ, ಬಣ್ಣದ ಬಾಲ್‌ಗೆ ತಾಗಿಕೊಂಡು ಹಿಂದೆ ಒಂದು ಕಾಣದ ಬಾಲ್ ಇದೆ ಅಂತ ಅಂದುಕೊಳ್ಳಿ. ಬಿಳಿ ಬಾಲ್ ಹೋಗಿ ಆ ಜಾಗದಲ್ಲಿ ಕೂರಬೇಕು. ಹಾಸ್ಟೆಲ್‌ನಲ್ಲಿ ಇದಕ್ಕೆ ದೆವ್ವದ ಬಾಲ್ ಅಂತ ಹೆಸರು.

ಎರಡನೇದು, ಭಾಗ ನೋಡೋದು. ನಿಮ್ಮ ಕಣ್ಣಿಂದ ನೋಡಿದಾಗ ಬಿಳಿ ಬಾಲ್ ಬಣ್ಣದ ಬಾಲ್‌ನ ಎಷ್ಟು ಭಾಗ ಮುಚ್ಚುತ್ತೆ ಅನ್ನೋದೇ ಅಳತೆ. ಪೂರ್ತಿ, ಮುಕ್ಕಾಲು, ಅರ್ಧ, ಕಾಲು. ಹಳೇ ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಅರ್ಧ-ಬಾಲ್ ಹೊಡೆತವೇ ಪಾಠದ ಅಡಿಪಾಯ.

ಮೂರನೇದು, ತಾಗೋ ಬಿಂದು. ಬಣ್ಣದ ಬಾಲ್ ಮೇಲೆ ಯಾವ ಬಿಂದು ತಾಗಬೇಕು ಅಂತ ಗುರುತಿಸಿ, ಕೇಂದ್ರದಿಂದ ಅದು ಎಷ್ಟು ದೂರ ಇದೆಯೋ ಅದರ ಎರಡರಷ್ಟು ದೂರಕ್ಕೆ ಬಿಳಿ ಬಾಲ್‌ನ ಕೇಂದ್ರವನ್ನ ಕಳಿಸೋದು. ಇಲ್ಲಿ ಹೊಸಬರು ಎಡವೋದು ಜಾಸ್ತಿ: ಬಿಂದು ಕಂಡ ತಕ್ಷಣ ಸ್ಟಿಕ್ಕನ್ನ ಆ ಬಿಂದುವಿಗೇ ತಿರುಗಿಸ್ತಾರೆ. ಆಗ ಬಾಲ್ ದಪ್ಪಗೆ ತಾಗಿ ಪಾಕೆಟ್‌ನ ಪಕ್ಕಕ್ಕೆ ಬಡಿಯುತ್ತೆ.

ನಾಲ್ಕನೇದು, ಪಿವಟ್ ಸಿಸ್ಟಮ್‌ಗಳು. ಅತಿ ಹೆಚ್ಚು ಜಗಳ ಆಗೋದು ಇದರ ಮೇಲೇ. 'ಸೆಂಟರ್ ಟು ಎಡ್ಜ್' ಅನ್ನೋದು ಇದರಲ್ಲಿ ಪ್ರಸಿದ್ಧ. ಅಮೆರಿಕದ ಹ್ಯಾಲ್ ಹೌಲ್ ಹರಡಿದರು, ಸ್ಟ್ಯಾನ್ ಶಫೆಟ್ ಬೆಳೆಸಿದರು. ಬಿಳಿ ಬಾಲ್‌ನ ಕೇಂದ್ರದಿಂದ ಬಣ್ಣದ ಬಾಲ್‌ನ ಅಂಚಿಗೆ ಒಂದು ನೋಟ, ಬಿಳಿ ಬಾಲ್‌ನ ಅಂಚಿಂದ ಬಣ್ಣದ ಬಾಲ್ ಮೇಲಿನ ಒಂದು ನಿಗದಿತ ಬಿಂದುವಿಗೆ ಇನ್ನೊಂದು ನೋಟ. ಎರಡೂ ಸೇರೋ ಹಾಗೆ ನಿಂತು, ಸ್ಟಿಕ್ಕನ್ನ ಸ್ವಲ್ಪ ಪಕ್ಕಕ್ಕೆ ಇಟ್ಟು, ಆಮೇಲೆ ಕೇಂದ್ರಕ್ಕೆ ತಿರುಗಿಸೋದು. ಕೆಲವೇ ನೋಟಗಳಿಂದ ಎಲ್ಲಾ ಶಾಟ್ ಸಿಗುತ್ತೆ ಅಂತ ಇದನ್ನ ನಂಬಿದವರ ವಾದ.

ಒಂದು ವಿಷಯ ಗಮನಿಸಿ. ಒಂದು ಶಾಟ್‌ಗೆ, ಸ್ಪಿನ್ ಬಿಟ್ಟು ನೋಡಿದರೆ, ಸರಿಯಾದ ಗೆರೆ ಇರೋದು ಒಂದೇ. ನಾಲ್ಕೂ ವಿಧಾನ ಅದೇ ಗೆರೆಯನ್ನ ಹುಡುಕೋ ಬೇರೆ ಬೇರೆ ದಾರಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಯಾವ ದಾರಿ ಎಷ್ಟು ಹತ್ತಿರ ತಲುಪಿಸುತ್ತೆ, ಎಲ್ಲಿ ಕೈಬಿಡುತ್ತೆ?

1 ಮಿ.ಮೀ. ಅಂದ್ರೆ 1 ಡಿಗ್ರಿ

ಪೂಲ್ ಬಾಲ್‌ನ ವ್ಯಾಸ 57.15 ಮಿ.ಮೀ. ಬಿಳಿ ಬಾಲ್‌ನ ಕೇಂದ್ರ ಹೋಗೋ ಗೆರೆ, ಬಣ್ಣದ ಬಾಲ್‌ನ ಕೇಂದ್ರದಿಂದ ಎಷ್ಟು ಪಕ್ಕಕ್ಕಿದೆ ಅನ್ನೋದನ್ನ 'ಸರಿತ' ಅಂತ ಕರೆಯೋಣ. ಎರಡು ಬಾಲ್ ತಾಗಿದಾಗ ಕೇಂದ್ರಗಳ ನಡುವಿನ ದೂರ ಒಂದು ವ್ಯಾಸ. ಚಿತ್ರ ಬರೆದರೆ ಲಂಬಕೋನ ತ್ರಿಭುಜ ತಾನಾಗೇ ಕಾಣುತ್ತೆ:

ಸರಿತ = ವ್ಯಾಸ × ಸೈನ್ (ಕಟ್ ಕೋನ)

ಅರ್ಧ ಮುಚ್ಚಿದರೆ ಸರಿತ ಅರ್ಧ ವ್ಯಾಸ, ಸೈನ್ 0.5, ಕೋನ ಸರಿಯಾಗಿ 30 ಡಿಗ್ರಿ. ಮುಕ್ಕಾಲು ಮುಚ್ಚಿದರೆ 14.5 ಡಿಗ್ರಿ. ಕಾಲು ಮುಚ್ಚಿದರೆ 48.6 ಡಿಗ್ರಿ. ಈ ಮೂರು ಅಂಕಿ ನೆನಪಲ್ಲಿದ್ದರೆ ಭಾಗ ನೋಡೋ ವಿಧಾನ ಪೂರ್ತಿ ನಿಮ್ಮ ಜೇಬಲ್ಲಿ.

ಈಗ ತಪ್ಪಿನ ಲೆಕ್ಕ. ಸರಿತದಲ್ಲಿ 1 ಮಿ.ಮೀ. ಹೆಚ್ಚುಕಮ್ಮಿ ಆದರೆ ಬಣ್ಣದ ಬಾಲ್‌ನ ದಿಕ್ಕು ಎಷ್ಟು ಬದಲಾಗುತ್ತೆ? ಮೇಲಿನ ಸಮೀಕರಣವನ್ನ ಡಿಫರೆನ್ಷಿಯೇಟ್ ಮಾಡಿ. ನೇರ ಶಾಟ್‌ಗೆ 1 ಡಿಗ್ರಿ. 30 ಡಿಗ್ರಿ ಕಟ್‌ಗೆ ಸುಮಾರು 1.2 ಡಿಗ್ರಿ. 60 ಡಿಗ್ರಿ ಕಟ್‌ಗೆ 2 ಡಿಗ್ರಿ. ತೆಳು ಕಟ್ ಯಾಕೆ ಕಷ್ಟ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ: ಅದೇ 1 ಮಿ.ಮೀ. ತಪ್ಪಿಗೆ ಎರಡರಷ್ಟು ದಂಡ.

ಪಾಕೆಟ್ ಎಷ್ಟು ಕ್ಷಮಿಸುತ್ತೆ? ಕಾರ್ನರ್ ಪಾಕೆಟ್‌ನ ಬಾಯಿ 4.5 ಇಂಚು, ಅಂದ್ರೆ 114 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಬಾಲ್ ಅಂಚಿಗೆ ತಾಗದೆ ಪೂರ್ತಿ ಒಳಗೆ ಹೋಗಬೇಕು ಅಂದ್ರೆ ಎರಡೂ ಕಡೆ ಉಳಿಯೋದು ತಲಾ 28.5 ಮಿ.ಮೀ. ಬಣ್ಣದ ಬಾಲ್ ಪಾಕೆಟ್‌ನಿಂದ 1 ಮೀಟರ್ ದೂರ ಇದ್ದರೆ ಅದು ಅತ್ತ 1.6 ಡಿಗ್ರಿ, ಇತ್ತ 1.6 ಡಿಗ್ರಿ. 30 ಸೆಂ.ಮೀ. ದೂರ ಇದ್ದರೆ 5.4 ಡಿಗ್ರಿ. ಅಂದ್ರೆ 1 ಮೀಟರ್ ದೂರದ ನೇರ ಶಾಟ್‌ಗೆ ಬಿಳಿ ಬಾಲ್ 1.6 ಮಿ.ಮೀ. ಒಳಗೆ ಸರಿಯಾಗಿ ಬಂದು ತಾಗಬೇಕು.

ಇದನ್ನೇ ಸ್ಟಿಕ್ ಕಡೆಯಿಂದ ನೋಡಿ. ಬಿಳಿ ಬಾಲ್ ಕೂಡ 1 ಮೀಟರ್ ಓಡಬೇಕು ಅಂದ್ರೆ ಅದರ ದಿಕ್ಕು 0.09 ಡಿಗ್ರಿ ಒಳಗಿರಬೇಕು. ಸ್ಟಿಕ್ ಹಿಡಿದ ಹಿಂದಿನ ಕೈ, ಬ್ರಿಡ್ಜ್ ಕೈಯಿಂದ ಸುಮಾರು 1 ಮೀಟರ್ ಹಿಂದೆ ಇರುತ್ತೆ. ಆ ಕೈ 1.6 ಮಿ.ಮೀ. ಅತ್ತಿತ್ತ ಅಲ್ಲಾಡಿದರೆ ಶಾಟ್ ಮುಗೀತು. ಎಷ್ಟೇ ಒಳ್ಳೇ ಸಿಸ್ಟಮ್ ಇರಲಿ, ಮೊಣಕೈ ವಾಲಾಡ್ತಾ ಇದ್ದರೆ ಅದಕ್ಕೆ ಸಿಸ್ಟಮ್ ಮದ್ದಲ್ಲ. "ಸಿಸ್ಟಮ್ ಸರಿ ಇಲ್ಲ" ಅಂತ ಬದಲಾಯಿಸೋ ಮುಂಚೆ ಸ್ಟಿಕ್ ನೇರ ಹೋಗ್ತಿದೆಯಾ ಅಂತ ನೋಡಿ. ಬಣ್ಣದ ಬಾಲ್ ತೆಗೆದಿಟ್ಟು, ಬಿಳಿ ಬಾಲನ್ನ ಮಾತ್ರ ಎದುರಿನ ಕುಶನ್‌ಗೆ ನೇರ ಹೊಡೆಯಿರಿ. ಅದು ವಾಪಸ್ ನಿಮ್ಮ ಸ್ಟಿಕ್‌ನ ತುದಿಗೇ ಬರಬೇಕು.

ಎಷ್ಟು ಗೆರೆ ಸಾಕು?

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಈ ಭಾಗ ಸುಲಭ. ಭಾಗ ನೋಡೋ ವಿಧಾನದಲ್ಲಿ ಪೂರ್ತಿ, ಮುಕ್ಕಾಲು, ಅರ್ಧ, ಕಾಲು, ಹೀಗೆ ನಾಲ್ಕು ಮಟ್ಟ. ಇದು 2 ಬಿಟ್‌ನ ಕನ್ವರ್ಟರ್ ಇದ್ದ ಹಾಗೆ. ಟೇಬಲ್ ಮೇಲೆ ಬರೋ ಕೋನ 0ಯಿಂದ 60 ಡಿಗ್ರಿ ತನಕ ಎಲ್ಲಿ ಬೇಕಾದರೂ ಇರಬಹುದು, ಅಂದ್ರೆ ಅನಲಾಗ್. ನಾಲ್ಕು ಮಟ್ಟದ ನಡುವಿನ ಅಂತರ ಸುಮಾರು 15ರಿಂದ 19 ಡಿಗ್ರಿ.

1 ಮೀಟರ್ ದೂರದ ಶಾಟ್‌ನಲ್ಲಿ ಪಾಕೆಟ್ ಕ್ಷಮಿಸೋದು ಒಟ್ಟು 3.2 ಡಿಗ್ರಿ. 60 ಡಿಗ್ರಿಯನ್ನ 3.2ರಿಂದ ಭಾಗಿಸಿ: ಹತ್ತಿರ ಹತ್ತಿರ 19 ಗೆರೆ ಬೇಕು. ಅದು 5 ಬಿಟ್. 30 ಸೆಂ.ಮೀ. ದೂರದ ಶಾಟ್‌ಗೆ 6 ಗೆರೆ ಸಾಕು, ಅಂದ್ರೆ 3 ಬಿಟ್. ಹಾಗಾಗಿ ನಾಲ್ಕೇ ಗೆರೆ ಇಟ್ಟುಕೊಂಡು ಒಬ್ಬರು ದೂರದ ಶಾಟನ್ನೆಲ್ಲ ಹಾಕ್ತಿದ್ದಾರೆ ಅಂದ್ರೆ, ಉಳಿದ 15 ಗೆರೆಯನ್ನ ಅವರ ಕಣ್ಣು-ಕೈ ಸೇರಿ ತಾವೇ ತುಂಬುತ್ತಿವೆ ಅಂತ ಅರ್ಥ. "ಅರ್ಧಕ್ಕಿಂತ ಸ್ವಲ್ಪ ತೆಳು" ಅಂತ ಅವರು ಹೇಳ್ತಾರಲ್ಲ, ಆ 'ಸ್ವಲ್ಪ' ಅನ್ನೋದೇ ಕೈಯಂದಾಜು.

ಪಿವಟ್ ಸಿಸ್ಟಮ್ ಮೇಲಿನ ಆಕ್ಷೇಪಣೆಯೂ ಇದೇ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸಿದ, ಪೂಲ್‌ನ ಭೌತಶಾಸ್ತ್ರದ ಬಗ್ಗೆ ಪುಸ್ತಕ ಬರೆದ ಡೇವಿಡ್ ಆಲ್ಸಿಯಾಟೊರೆ ವಾದಿಸೋದು ಏನಂದ್ರೆ, ಕೆಲವೇ ನಿಗದಿತ ಗೆರೆಗಳು ಎಲ್ಲಾ ಶಾಟ್‌ಗೆ ಸಾಲಲ್ಲ. ಆಟಗಾರ ತನಗೇ ಗೊತ್ತಿಲ್ಲದೆ ಹೊಂದಿಸಿಕೊಳ್ತಾನೆ. ಸಿಸ್ಟಮ್ ಪರ ಇರೋರು ಇದಕ್ಕೆ ಉತ್ತರ ಕೊಡ್ತಾರೆ: "ಗೊತ್ತಿಲ್ಲದೆ ಹೊಂದಿಸಿಕೊಂಡರೆ ಏನಾಯ್ತು? ಬಾಲ್ ಬಿತ್ತಲ್ಲ." ಈ ಉತ್ತರದಲ್ಲೂ ತಿರುಳಿದೆ. ಪ್ರತಿ ಶಾಟ್‌ಗೂ ಒಂದೇ ರೀತಿ ನಿಲ್ಲೋದು, ಒಂದೇ ಕ್ರಮದಲ್ಲಿ ನೋಡೋದು, ಬಗ್ಗೋ ಮುಂಚೆ ನಿರ್ಧಾರ ಮಾಡೋದು, ಈ ಶಿಸ್ತನ್ನ ಸಿಸ್ಟಮ್ ಕೊಡುತ್ತೆ. ಮ್ಯಾಚ್‌ನಲ್ಲಿ ಎದೆ ಡವಡವ ಅನ್ನೋವಾಗ ಅದು ದೊಡ್ಡ ಸಹಾಯ. ಆದರೆ ಆ ಲಾಭ ಶಿಸ್ತಿನದು, ಜ್ಯಾಮಿತಿಯದ್ದಲ್ಲ. ಎರಡನ್ನೂ ಕಲಸಿಬಿಟ್ಟರೆ ಜಗಳ ಮುಗಿಯಲ್ಲ.

ಜ್ಯಾಮಿತಿ ಸರಿ ಇದ್ದರೂ ಬಾಲ್ ಯಾಕೆ ಬೀಳಲ್ಲ?

ಈಗ ಕೈಯಂದಾಜಿನ ಪಾರ್ಟಿಗೆ ಬಲ ಕೊಡೋ ವಿಷಯ. ಘೋಸ್ಟ್ ಬಾಲ್ ಜಾಗಕ್ಕೆ ಬಿಳಿ ಬಾಲನ್ನ ಕರಾರುವಾಕ್ಕಾಗಿ ಕಳಿಸಿದರೂ ಬಣ್ಣದ ಬಾಲ್ ಆ ಗೆರೆಯಲ್ಲೇ ಹೋಗಲ್ಲ. ತಾಗಿದ ಕ್ಷಣ ಎರಡು ಬಾಲ್‌ಗಳ ಮೇಲ್ಮೈ ಒಂದಕ್ಕೊಂದು ಉಜ್ಜುತ್ತೆ. ಆ ಘರ್ಷಣೆ ಬಣ್ಣದ ಬಾಲನ್ನ ಬಿಳಿ ಬಾಲ್ ಹೋಗ್ತಿದ್ದ ದಿಕ್ಕಿಗೆ ಸ್ವಲ್ಪ ಎಳೆಯುತ್ತೆ. ಇದಕ್ಕೆ ಥ್ರೋ ಅಂತಾರೆ. ಮೆಲ್ಲಗೆ, ಸ್ಪಿನ್ ಇಲ್ಲದೆ ಹೊಡೆದ ಅರ್ಧ-ಬಾಲ್ ಕಟ್‌ನಲ್ಲಿ ಇದು 3ರಿಂದ 5 ಡಿಗ್ರಿ ತನಕ ಹೋಗಬಹುದು. ಜೋರಾಗಿ ಹೊಡೆದರೆ ಕಮ್ಮಿ. ಬಾಲ್ ಕೊಳಕಾಗಿದ್ದರೆ ಜಾಸ್ತಿ.

3 ಡಿಗ್ರಿ ಅಂದ್ರೆ 1 ಮೀಟರ್ ದೂರದಲ್ಲಿ 52 ಮಿ.ಮೀ. ಪಾಕೆಟ್ ಕ್ಷಮಿಸೋದು 28.5. ಪುಸ್ತಕದ ಪ್ರಕಾರ ಸರಿಯಾಗಿ ಹೊಡೆದ ಶಾಟ್ ಮಿಸ್! ಇದನ್ನ ಅರಿಯದೆ ಸಿಸ್ಟಮ್ ಹಿಡಿದವರು "ನಾನು ಸರಿಯಾಗೇ ಹೊಡೆದೆ" ಅಂತ ವಾದ ಮಾಡ್ತಾ ನಿಲ್ತಾರೆ. ಸಾವಿರ ಶಾಟ್ ಹೊಡೆದ ಅನುಭವಸ್ಥರು ಥ್ರೋ ಅನ್ನೋ ಪದ ಕೇಳದೇ ಇದ್ದರೂ, ಮೆಲ್ಲಗಿನ ಶಾಟ್‌ನಲ್ಲಿ ಒಂದು ಎಳೆ ತೆಳುವಾಗಿ ಹೊಡೀತಾರೆ. ಅವರ ಕೈ ಅದನ್ನ ಕಲಿತುಬಿಟ್ಟಿರುತ್ತೆ.

ಬಾಲ್‌ಗಳ ಘರ್ಷಣೆ, ಸ್ಪಿನ್ ಬಗ್ಗೆ ಮೊದಲ ದೊಡ್ಡ ಪುಸ್ತಕ ಬರೆದವರು ಯಾರು ಗೊತ್ತಾ? ಗ್ಯಾಸ್ಪಾರ್ಡ್ ಕೊರಿಯೊಲಿಸ್, 1835ರಲ್ಲಿ. ಹೌದು, ಮೆಕ್ಯಾನಿಕಲ್‌ನವರ ನಿದ್ದೆ ಕೆಡಿಸೋ ಅದೇ ಕೊರಿಯೊಲಿಸ್. ಡಿಕ್ಕಿ ಹೊಡೆದ ಮೇಲೆ ಸ್ಪಿನ್ ಇರೋ ಬಿಳಿ ಬಾಲ್ ಮೊದಲು ಪ್ಯಾರಾಬೊಲಾದಲ್ಲಿ ಬಾಗಿ, ಆಮೇಲೆ ನೇರ ಹೋಗುತ್ತೆ ಅಂತ ಅವರು ತೋರಿಸಿದರು. ಅಂದ್ರೆ ಸುಮಾರು 190 ವರ್ಷದಿಂದ ಎಂಜಿನಿಯರ್‌ಗಳು ಈ ಟೇಬಲ್ ಪಕ್ಕ ನಿಂತು ತಲೆ ಕೆಡಿಸಿಕೊಳ್ತಾ ಇದ್ದಾರೆ.

ಈಗ ನಮ್ಮ ಬೋರ್ಡ್‌ಗೆ ಬನ್ನಿ

ನಮ್ಮ ಮೂರೂ ಊರಲ್ಲಿ ಕೇರಂ ಚೆನ್ನಾಗಿ ಆಡೋ ಹಿರಿಯರನ್ನ "ಹೇಗಣ್ಣ ಗುರಿ ನೋಡ್ತೀಯ?" ಅಂತ ಕೇಳಿದರೆ ಬರೋ ಉತ್ತರ ಹೆಚ್ಚುಕಮ್ಮಿ ಒಂದೇ: "ಲೆಕ್ಕ ಹಾಕ್ಬುಟ್ಟು ಹೊಡ್ದರೆ ಬೀಳಲ್ಲ ಕನಪ್ಪ, ಕೈಗೆ ಗೊತ್ತಾಗ್ಬೇಕು." ಆ ಕೈಗೆ ಏನು ಗೊತ್ತು ಅಂತ ನಾವು ಲೆಕ್ಕ ಹಾಕಿ ನೋಡಿದ್ವಿ.

ನಿಯಮದ ಪ್ರಕಾರ ಸ್ಟ್ರೈಕರ್‌ನ ವ್ಯಾಸ ಹೆಚ್ಚೆಂದರೆ 41.3 ಮಿ.ಮೀ. ಕಾಯಿನ್‌ನದು ಹೆಚ್ಚೆಂದರೆ 31.8 ಮಿ.ಮೀ. ಪಾಕೆಟ್ 44.5 ಮಿ.ಮೀ. ಎರಡೂ ತಾಗಿದಾಗ ಕೇಂದ್ರಗಳ ನಡುವಿನ ದೂರ ಎರಡರ ಸರಾಸರಿ, ಅಂದ್ರೆ 36.5 ಮಿ.ಮೀ. ಹತ್ತಿರ. ಸೂತ್ರ ಅದೇ, ವ್ಯಾಸದ ಜಾಗದಲ್ಲಿ 36.5 ಹಾಕಿ. ಈಗ 1 ಮಿ.ಮೀ. ತಪ್ಪಿಗೆ ನೇರ ಶಾಟ್‌ನಲ್ಲೇ 1.6 ಡಿಗ್ರಿ ಬದಲಾವಣೆ. ಪೂಲ್‌ಗಿಂತ ಒಂದೂವರೆ ಪಟ್ಟು ಜಾಸ್ತಿ.

ಕಾಯಿನ್ ಪೂರ್ತಿ ಪಾಕೆಟ್ ಅಗಲದ ಒಳಗೇ ಬರಬೇಕು ಅಂತ ಕಟ್ಟುನಿಟ್ಟಾಗಿ ಇಟ್ಟುಕೊಂಡರೆ ಎರಡೂ ಕಡೆ ಉಳಿಯೋದು ತಲಾ 6.3 ಮಿ.ಮೀ. ಪಾಕೆಟ್‌ನಿಂದ 30 ಸೆಂ.ಮೀ. ದೂರದ ಕಾಯಿನ್‌ಗೆ ಅದು 1.2 ಡಿಗ್ರಿ. ಸ್ಟ್ರೈಕರ್ 0.8 ಮಿ.ಮೀ. ಒಳಗೆ ಸರಿಯಾಗಿ ತಾಗಬೇಕು. ಸ್ಟ್ರೈಕರ್ 35 ಸೆಂ.ಮೀ. ಓಡಬೇಕು ಅಂದ್ರೆ ದಿಕ್ಕಿನ ತಪ್ಪು 0.13 ಡಿಗ್ರಿ ಮೀರುವ ಹಾಗಿಲ್ಲ. ಪೂಲ್‌ನ ಕಷ್ಟದ ಶಾಟ್‌ಗೆ ಬಂದಿದ್ದು 0.09. ಎರಡೂ ಒಂದೇ ಜಾತಿಯ ಕಷ್ಟ! ಜಗಲಿ ಮೇಲೆ ಕೂತು ಕಾಯಿನ್ ಕಟ್ ಮಾಡೋ ಹುಡುಗಿಯ ಬೆರಳು, ಪೂಲ್ ಪಾರ್ಲರ್‌ನ ಯಾವ ಸ್ಟಿಕ್‌ಗೂ ಕಡಿಮೆ ಇಲ್ಲದ ಕೆಲಸ ಮಾಡ್ತಾ ಇದೆ.

ಕೇರಂ ಬೋರ್ಡ್ ಇನ್ನೊಂದು ಕೆಲಸಕ್ಕೂ ಬರುತ್ತೆ. ಸಿಸ್ಟಮ್‌ಗಳನ್ನ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಯಾಕಂದ್ರೆ ಇಲ್ಲಿ ಸ್ಟ್ರೈಕರ್ ದೊಡ್ಡದು, ಕಾಯಿನ್ ಚಿಕ್ಕದು. ಪೂಲ್‌ನಲ್ಲಿ 'ಅರ್ಧ' ಅಂದ್ರೆ ಯಾವ ಕಡೆಯಿಂದ ನೋಡಿದರೂ 30 ಡಿಗ್ರಿ. ಕೇರಂನಲ್ಲಿ ಸ್ಟ್ರೈಕರ್‌ನ ಕೇಂದ್ರವನ್ನ ಕಾಯಿನ್‌ನ ಅಂಚಿಗೆ ಗುರಿ ಇಟ್ಟರೆ ಸುಮಾರು 26 ಡಿಗ್ರಿ. ಸ್ಟ್ರೈಕರ್‌ನ ಅಂಚನ್ನ ಕಾಯಿನ್‌ನ ಕೇಂದ್ರಕ್ಕೆ ಇಟ್ಟರೆ ಸುಮಾರು 34 ಡಿಗ್ರಿ. ಎರಡು ಬೇರೆ ಬೇರೆ 'ಅರ್ಧ'! ಭಾಗ ನೋಡೋ ವಿಧಾನ ಇಲ್ಲಿ ಕಕ್ಕಾಬಿಕ್ಕಿ. ತಾಗೋ ಬಿಂದುವಿನ 'ಎರಡರಷ್ಟು' ನಿಯಮವೂ ಕೆಲಸ ಮಾಡಲ್ಲ. ಇಲ್ಲಿ ಅದು 2.3ರಷ್ಟು. ಘೋಸ್ಟ್ ಬಾಲ್ ಒಂದು ಮಾತ್ರ ಏನೂ ಬದಲಾಗದೆ ಹಾಗೇ ಬರುತ್ತೆ: ಕಾಯಿನ್ ಹಿಂದೆ ತಾಗಿಕೊಂಡು ಒಂದು ಸ್ಟ್ರೈಕರ್ ಕೂತಿದೆ ಅಂತ ಅಂದುಕೊಂಡರೆ ಸಾಕು.

ಇದರಿಂದ ಗೊತ್ತಾಗೋದು ಏನು? ಘೋಸ್ಟ್ ಬಾಲ್ ಅನ್ನೋದು ಮೂಲ ನಿಯಮ. ಉಳಿದವು ಸಮಾನ ವ್ಯಾಸ ಇದ್ದಾಗ ಮಾತ್ರ ನಡೆಯೋ ಶಾರ್ಟ್‌ಕಟ್. ಎಕ್ಸಾಮ್‌ನಲ್ಲಿ ಸೂತ್ರ ಬಾಯಿಪಾಠ ಮಾಡಿದವರು ಬೌಂಡರಿ ಕಂಡೀಷನ್ ಬದಲಾದ ತಕ್ಷಣ ಪೆನ್ ಕೆಳಗಿಡ್ತಾರಲ್ಲ, ಇದೂ ಹಾಗೇ.

ಆದರೆ ಕೇರಂ ಕಲಿಸದ ಒಂದು ವಿಷಯ ಇದೆ, ಅದನ್ನ ಮುಚ್ಚಿಡಬಾರದು. ಕೇರಂನಲ್ಲಿ ಪ್ರತಿ ಶಾಟ್‌ಗೂ ಸ್ಟ್ರೈಕರನ್ನ 47 ಸೆಂ.ಮೀ. ಉದ್ದದ ಬೇಸ್ ಲೈನ್ ಮೇಲೆ ನಮಗೆ ಬೇಕಾದ ಕಡೆ ಸರಿಸಿ ಇಡಬಹುದು. ಕಟ್ ಕೋನವನ್ನ ನಾವೇ ಆರಿಸಿಕೊಳ್ತೀವಿ. ಪೂಲ್‌ನಲ್ಲಿ ಬಿಳಿ ಬಾಲ್ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಹೊಡೆಯಬೇಕು. ಈ ಶಾಟ್ ಹೊಡೆಯುವಾಗಲೇ ಮುಂದಿನ ಶಾಟ್‌ಗೆ ಬಿಳಿ ಬಾಲ್ ಎಲ್ಲಿ ನಿಲ್ಲಬೇಕು ಅಂತ ಯೋಚಿಸಬೇಕು. ನಮ್ಮ ಊರಿಂದ ಬಂದವರು ಹೊಸದಾಗಿ ಕಲಿಯಬೇಕಾಗಿರೋದು ಇದನ್ನ, ಗುರಿಯನ್ನಲ್ಲ. ಶುರುವಿಗೆ ಎರಡು ಅಂಶ ಸಾಕು. ಬಿಳಿ ಬಾಲ್ ಉರುಳದೆ ಜಾರ್ತಾ ಬಂದು ತಾಗಿದರೆ, ಅದು ಬಣ್ಣದ ಬಾಲ್ ಹೋದ ದಿಕ್ಕಿಗೆ 90 ಡಿಗ್ರಿಯಲ್ಲಿ ಹೋಗುತ್ತೆ. ಸಹಜವಾಗಿ ಉರುಳ್ತಾ ಬಂದು ಕಾಲಿಂದ ಮುಕ್ಕಾಲು ಭಾಗದ ನಡುವೆ ತಾಗಿದರೆ, ತನ್ನ ಮೊದಲ ದಿಕ್ಕಿಂದ ಸುಮಾರು 30 ಡಿಗ್ರಿ ತಿರುಗುತ್ತೆ.

"ನಿನ್ನೆ 10ಕ್ಕೆ 8 ಹಾಕಿದೆ"

ಸಿಸ್ಟಮ್ ಚರ್ಚೆಯಲ್ಲಿ ಯಾವಾಗಲೂ ಬರೋ ಪುರಾವೆ ಇದು. ಹಳೇ ಸಿಸ್ಟಮ್‌ನಲ್ಲಿ 10ಕ್ಕೆ 6, ಹೊಸದರಲ್ಲಿ 10ಕ್ಕೆ 8, ಹಾಗಾಗಿ ಹೊಸದೇ ಬೆಸ್ಟ್. ಪ್ರಾಬಬಿಲಿಟಿ ಕ್ಲಾಸ್‌ನಲ್ಲಿ ಬೈನಾಮಿಯಲ್ ಮಾಡಿದ್ದು ನೆನಪಿಸಿಕೊಳ್ಳಿ. ನಿಜವಾದ ಸಾಮರ್ಥ್ಯ 60 ಶೇಕಡಾ ಇರೋರು 10 ಶಾಟ್ ಹೊಡೆದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 1.5 ಶಾಟ್. ಅಂದ್ರೆ ಏನೂ ಬದಲಾಗದೆ ಒಂದು ದಿನ 5, ಇನ್ನೊಂದು ದಿನ 8 ಬರೋದು ಮಾಮೂಲಿ. 60 ಶೇಕಡಾ ಮತ್ತು 70 ಶೇಕಡಾ ನಡುವಿನ ವ್ಯತ್ಯಾಸವನ್ನ ಸ್ವಲ್ಪ ನಂಬಿಕೆಯಿಂದ ಹೇಳಬೇಕಾದರೆ ಪ್ರತಿ ವಿಧಾನಕ್ಕೂ ಸುಮಾರು 180 ಶಾಟ್ ಹೊಡೆಯಬೇಕು, ಅದೂ ಅದೇ ಜಾಗದಿಂದ, ಅದೇ ಶಾಟ್. ಜೊತೆಗೆ ಎರಡನೇ ವಿಧಾನ ಪರೀಕ್ಷೆ ಮಾಡೋ ಹೊತ್ತಿಗೆ ಕೈಯೇ ಪಳಗಿರುತ್ತೆ. ಹೊಸ ಸಿಸ್ಟಮ್‌ಗೆ ಸಿಕ್ಕ ಹೊಗಳಿಕೆಯಲ್ಲಿ ಒಂದು ಪಾಲು ಬರೀ ಅಭ್ಯಾಸದ್ದು. ಅದಕ್ಕೆ 10 ಶಾಟ್ ಎ ವಿಧಾನ, 10 ಶಾಟ್ ಬಿ ವಿಧಾನ ಅಂತ ಅದಲು ಬದಲು ಮಾಡಿ ಹೊಡೆಯೋದು ನ್ಯಾಯ.

ಹಾಗಾದರೆ ಯಾರು ಗೆದ್ದರು?

ನಮ್ಮ ಮೂವರ ತೀರ್ಪು ಹೀಗಿದೆ. ಸಿಸ್ಟಮ್ ಅನ್ನೋದು ಲುಕಪ್ ಟೇಬಲ್. ಕೈಯಂದಾಜು ಅನ್ನೋದು ಆ ಟೇಬಲ್‌ನ ಸಾಲುಗಳ ನಡುವಿನ ಇಂಟರ್‌ಪೊಲೇಷನ್. ಟೇಬಲ್ ಇಲ್ಲದೆ ಇಂಟರ್‌ಪೊಲೇಟ್ ಮಾಡೋಕೆ ಹೋದರೆ ಕಲಿಯೋಕೆ ವರ್ಷಗಟ್ಟಲೆ ಬೇಕು, ಗಂಟೆ ಲೆಕ್ಕದ ದುಡ್ಡು ನಮ್ಮ ಹತ್ತಿರ ಇಲ್ಲ. ಬರೀ ಟೇಬಲ್ ಇಟ್ಟುಕೊಂಡರೆ ಥ್ರೋ ಬಂದ ಕಡೆ, ನಡುವಿನ ಕೋನ ಬಂದ ಕಡೆ ಕೈಕೊಡುತ್ತೆ. "ಯಾವುದು ಬೇಕು" ಅನ್ನೋದಕ್ಕಿಂತ "ಯಾವುದು ಮೊದಲು, ಯಾವುದು ಆಮೇಲೆ" ಅಂತ ಕೇಳೋದು ಲಾಭ.

ಹೊಸಬರಿಗೆ ನಾವು ಹೇಳೋ ಕ್ರಮ:

1. ಜ್ಯಾಮಿತಿಯನ್ನ ದುಡ್ಡು ಕೊಟ್ಟು ಕಲೀಬೇಡಿ. ಮೆಸ್ ಟೇಬಲ್ ಮೇಲೆ ಎರಡು 10 ರೂಪಾಯಿ ನಾಣ್ಯ ಇಡಿ. ಎರಡೂ 27 ಮಿ.ಮೀ., ಸಮಾನ ವ್ಯಾಸ, ಪೂಲ್ ಬಾಲ್‌ನ ಹಾಗೇ. ಅರ್ಧ ಸರಿಸಿ ತಾಗಿಸಿ, ಕೇಂದ್ರಗಳನ್ನ ಸೇರಿಸೋ ಗೆರೆ ಎಳೆದು ಪ್ರೊಟ್ರಾಕ್ಟರ್ ಇಡಿ. 30 ಡಿಗ್ರಿ ಕಣ್ಣಾರೆ ಕಾಣುತ್ತೆ. ಮುಕ್ಕಾಲು, ಕಾಲು ಕೂಡ ಹೀಗೇ ನೋಡಿ.

2. ಆಮೇಲೆ ಕೇರಂ ಬೋರ್ಡ್. ಒಂದೇ ಕಾಯಿನ್, ಒಂದೇ ಜಾಗ. ಸ್ಟ್ರೈಕರನ್ನ ಬೇಸ್ ಲೈನ್ ಮೇಲೆ ಐದು ಬೇರೆ ಜಾಗದಲ್ಲಿಟ್ಟು ಅದೇ ಪಾಕೆಟ್‌ಗೆ ಹಾಕಿ. ಘೋಸ್ಟ್ ಸ್ಟ್ರೈಕರ್ ಮಾತ್ರ ಅದೇ ಜಾಗದಲ್ಲಿ ಇರುತ್ತೆ, ಬರೋ ದಿಕ್ಕು ಬದಲಾಗುತ್ತೆ. ಇದು ಕಣ್ಣಿಗೆ ಕೂತ ದಿನ ಅರ್ಧ ಪಾಠ ಮುಗೀತು.

3. ಪಾರ್ಲರ್‌ಗೆ ಹೋದ ಮೊದಲ 10 ನಿಮಿಷ ಬರೀ ಸ್ಟಿಕ್ ನೇರ ಮಾಡೋ ಅಭ್ಯಾಸ. ಗುರಿಯ ಮಾತು ಆಮೇಲೆ.

4. ಮೂರೇ ಶಾಟ್ ಆರಿಸಿಕೊಳ್ಳಿ: ಮುಕ್ಕಾಲು, ಅರ್ಧ, ಕಾಲು. ಪಾಕೆಟ್‌ನಿಂದ 30 ಸೆಂ.ಮೀ. ದೂರದಿಂದ ಶುರು. ಮಿಸ್ ಆದರೆ ದಪ್ಪಗೆ ತಾಗಿತೋ ತೆಳುವಾಗಿ ತಾಗಿತೋ ಅಂತ ಬರೆದುಕೊಳ್ಳಿ. ಎಲ್ಲಾ ಮಿಸ್ ಒಂದೇ ಕಡೆ ಹೋಗ್ತಿದ್ದರೆ ಗುರಿಯದ್ದೋ ಥ್ರೋನದ್ದೋ ತಪ್ಪು. ಎರಡೂ ಕಡೆ ಚೆಲ್ಲಾಪಿಲ್ಲಿ ಆಗ್ತಿದ್ದರೆ ಕೈಯ ತಪ್ಪು. ಮೆಷರ್‌ಮೆಂಟ್ಸ್ ಲ್ಯಾಬ್‌ನಲ್ಲಿ ಸಿಸ್ಟಮ್ಯಾಟಿಕ್ ಎರರ್, ರ್‍ಯಾಂಡಮ್ ಎರರ್ ಅಂತ ಬರೆದಿದ್ದೀವಲ್ಲ, ಅದೇ ಇದು.

5. ಒಂದೇ ಶಾಟನ್ನ ಮೆಲ್ಲಗೆ ಹೊಡೆಯಿರಿ, ಜೋರಾಗಿ ಹೊಡೆಯಿರಿ. ಥ್ರೋ ಎಷ್ಟು ಅಂತ ಕಣ್ಣಿಗೇ ಗೊತ್ತಾಗುತ್ತೆ.

ಈ ಪಟ್ಟಿಯಲ್ಲಿ ನಮಗೆ ಮುಖ್ಯ ಅನಿಸೋದು ನಾಲ್ಕನೇದು. ಯಾವ ಸಿಸ್ಟಮ್ ಆರಿಸಿಕೊಂಡರೂ ನಿಮ್ಮ ತಪ್ಪು ಯಾವ ಕಡೆಗೆ, ಎಷ್ಟು ಅಂತ ಅದು ತೋರಿಸಬೇಕು. ತೋರಿಸಿದರೆ ತಿದ್ದಬಹುದು. "ನಂಬು, ಬೀಳುತ್ತೆ" ಅನ್ನೋ ಸಿಸ್ಟಮ್‌ನಲ್ಲಿ ಬಾಲ್ ಬೀಳದೆ ಇದ್ದಾಗ ಏನು ತಿದ್ದಬೇಕು ಅನ್ನೋದೇ ತಿಳಿಯಲ್ಲ. "ಕೈಗೆ ಬರುತ್ತೆ ಬಿಡು" ಅನ್ನೋ ಮಾತಿಗೂ ಇದೇ ತೊಂದರೆ.

ಕೊನೆಗೆ, ಚಾಮರಾಜನಗರ ಜಿಲ್ಲೆಯಿಂದ ಇರಲಿ, ಬೇರೆ ಯಾವುದೇ ತಾಲೂಕಿಂದ ಇರಲಿ, ಕೇರಂ ಆಡಿ ಬಂದ ಜೂನಿಯರ್‌ಗಳಿಗೆ ಒಂದು ಮಾತು. ನಿಮ್ಮ ಕಣ್ಣಿಗೆ ಕಟ್ ಕೋನ ಆಗಲೇ ಗೊತ್ತು, ಬೆರಳಿಗೆ ಮಿಲಿಮೀಟರ್ ಆಗಲೇ ಗೊತ್ತು. ಗೊತ್ತಿಲ್ಲದೆ ಇರೋದು ಸ್ಟಿಕ್ ಹಿಡಿಯೋದು ಮತ್ತು ಬಿಳಿ ಬಾಲ್ ನಿಲ್ಲಿಸೋದು. ಅವೆರಡನ್ನೂ ಬೆಂಗಳೂರಿನವರೂ ಒಂದಲ್ಲ ಒಂದು ದಿನ ಮೊದಲಿಂದಲೇ ಕಲಿತಿದ್ದಾರೆ. ಪಕ್ಕಕ್ಕೆ ನಿಲ್ಲಬೇಡಿ, ಸ್ಟಿಕ್ ಕೇಳಿ ತಗೊಳ್ಳಿ. ಲೆಕ್ಕದಲ್ಲಿ ಅನುಮಾನ ಇದ್ದರೆ ಮೆಸ್‌ಗೆ ಬನ್ನಿ, ಎರಡು ನಾಣ್ಯ ನಾವು ಇಟ್ಟಿರ್ತೀವಿ.